ಕಾನೂನು ವಿದ್ಯಾರ್ಥಿ ಕಡತದ ಬಳಿಗೆ ಬರಲಿ

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಾವಳಿಯ ಪ್ರಕಾರ ಕಾನೂನು ಪದವಿಗೆ ಪರಿಸರ ಕಾನೂನು ಕಡ್ಡಾಯ ವಿಷಯ. ಪ್ರತಿ ಕಾಲೇಜೂ ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವು ಕೇಂದ್ರ ನಡೆಸಬೇಕೆಂದೂ ಅದೇ ನಿಯಮಾವಳಿ ವಿಧಿಸುತ್ತದೆ. ಇವೆರಡನ್ನೂ ಬೆಸೆಯುವ ಅಗತ್ಯವೇನು ಎಂಬುದನ್ನು ಕಾಲಮಿತಿಗಳೇ ಹೇಳುತ್ತವೆ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ, ಯೋಜನೆಯೊಂದರ ಬಗ್ಗೆ ಅಭಿಪ್ರಾಯ ಸಲ್ಲಿಸಲು ಜನರಿಗೆ ಕೊಡಬೇಕಾದ ಕನಿಷ್ಠ ಕಾಲಾವಕಾಶ 30 ದಿನ. ಸ್ಥಳೀಯ ಭಾಷೆಯಲ್ಲಿ ಒದಗಿಸಲೇಬೇಕಾದದ್ದು ವರದಿಯ ಸಾರಾಂಶ ಮಾತ್ರ. ಅನುಮತಿ ದೊರೆತ ಮೇಲೆ ಅದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು 2010ರ ಕಾಯ್ದೆ ನೀಡುವುದು ಮತ್ತೆ 30 ದಿನ. ಸಕಾರಣವಿದ್ದರೆ ಇನ್ನೂ 60 ದಿನ. ಅಲ್ಲಿಗೆ ಮೇಲ್ಮನವಿಯ ಬಾಗಿಲು ಮುಚ್ಚುತ್ತದೆ. ಕರ್ನಾಟಕದ ಪ್ರಕರಣಗಳನ್ನು ಆಲಿಸುವ ದಕ್ಷಿಣ ಪೀಠವಿರುವುದು ಚೆನ್ನೈಯಲ್ಲಿ. ಒಂದು ಕಡೆ ತಜ್ಞರು, ವಕೀಲರು. ಇನ್ನೊಂದು ಕಡೆ ಸಾರಾಂಶ ಹಿಡಿದ ರೈತ. ಅರ್ಥಶಾಸ್ತ್ರ ಇದನ್ನು ಮಾಹಿತಿಯ ಅಸಮತೆ ಎನ್ನುತ್ತದೆ.

1961ರ ವಕೀಲರ ಕಾಯ್ದೆಯಂತೆ ನೋಂದಾಯಿತರಲ್ಲದವರು ವಕಾಲತ್ತು ವಹಿಸುವಂತಿಲ್ಲ, ನಿಜ. ಆದರೆ ಇಲ್ಲಿ ಬೇಕಿರುವುದು ವಾದಕ್ಕಿಂತ ಮುಂಚಿನ ಕೆಲಸ: ಇಂಗ್ಲಿಷ್ ವರದಿಯನ್ನು ಕನ್ನಡದಲ್ಲಿ ವಿವರಿಸುವುದು, ಮಾಹಿತಿ ಹಕ್ಕಿನಡಿ ದಾಖಲೆ ಪಡೆಯುವುದು, ವರದಿಯಲ್ಲಿ ಕಾಣದ ಹಳ್ಳವನ್ನು ಸ್ಥಳದಲ್ಲಿ ಗುರುತಿಸುವುದು, ಆಕ್ಷೇಪಣೆಯನ್ನು ಲಿಖಿತವಾಗಿ ದಾಖಲಿಸುವುದು. ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಕಂಡರೆ ಅದನ್ನೂ ಹಳ್ಳಿಗರಿಗೆ ನಿಷ್ಠುರವಾಗಿ ತಿಳಿಸುವುದು ಈ ಶಿಕ್ಷಣದ ಭಾಗವೇ. ಯಾವ ಅಣಕು ನ್ಯಾಯಾಲಯವೂ ಇದನ್ನು ಕಲಿಸಲಾರದು.

ಇಂಥ ಕೆಲಸಕ್ಕೆ ವಿರೋಧ ಬರುವುದೂ ಖಚಿತ. ಅಮೆರಿಕದ ಲೂಯಿಸಿಯಾನಾದಲ್ಲಿ ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ವಕಾಲತ್ತನ್ನೂ ವಹಿಸಬಹುದು. ಅಲ್ಲಿನ ಟುಲೇನ್ ವಿಶ್ವವಿದ್ಯಾಲಯದ ಪರಿಸರ ಕಾನೂನು ಕ್ಲಿನಿಕ್, ಕಾನ್ವೆಂಟ್ ಎಂಬ ಊರಿನ ನಿವಾಸಿಗಳ ಪರವಾಗಿ ಪಿವಿಸಿ ಕಾರ್ಖಾನೆಯೊಂದರ ಪ್ರಸ್ತಾವವನ್ನು ಪ್ರಶ್ನಿಸಿದಾಗ ಗವರ್ನರ್ ಹಾಗೂ ಉದ್ಯಮ ವಲಯ ಕೆರಳಿದವು. 1998ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ವಿದ್ಯಾರ್ಥಿ ವಕಾಲತ್ತಿನ ನಿಯಮಗಳನ್ನೇ ಬಿಗಿಗೊಳಿಸಿತು. ಕಂಪನಿ ಆ ಸ್ಥಳವನ್ನು ಕೈಬಿಟ್ಟಿತು. ಆದರೆ ಕ್ಲಿನಿಕ್ ತೆತ್ತ ಬೆಲೆ ಸಣ್ಣದಲ್ಲ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ಅಧ್ಯಾಪಕರ ವೈಯಕ್ತಿಕ ಉತ್ಸಾಹಕ್ಕೆ ಬಿಡಬಾರದು. ಅದಕ್ಕೆ ಪಠ್ಯಕ್ರಮದಲ್ಲಿ ಅಂಕ, ಮಾರ್ಗದರ್ಶನಕ್ಕೆ ಅನುಭವಿ ವಕೀಲರು, ಒತ್ತಡ ಬಂದಾಗ ಸಂಸ್ಥೆಯ ರಕ್ಷಣೆ, ಇವು ಮೂರೂ ಬೇಕು. ಪರೀಕ್ಷೆಯ ದಿನಗಳಲ್ಲಿ ಕಡತ ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಮೇಲ್ಮನವಿಯ ಗಡುವು ಕಾಲೇಜಿನ ವೇಳಾಪಟ್ಟಿಗಾಗಿ ಕಾಯುವುದಿಲ್ಲ.