ಬಾವಿ ಬತ್ತಿದರೆ ಬೋರ್ ಒಂದೇ ದಾರಿಯೇ?

ಕಾಸರಗೋಡು: ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ, 12 ಹೊಳೆಗಳು ಹರಿಯುವ ಜಿಲ್ಲೆ ನಮ್ಮದು. ಆದರೂ ಮಾರ್ಚ್ ಬಂತೆಂದರೆ ಪದವಿನ ಮನೆಗಳ ಬಾವಿಯಲ್ಲಿ ಕೊಡಪಾನ ತಳಕ್ಕೆ ತಾಗುತ್ತದೆ. ಕೂಡಲೇ ನೆನಪಾಗುವುದು ಬೋರ್‌ವೆಲ್ ಲಾರಿ. 2017ರ ಅಂತರ್ಜಲ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ 'ಗಂಭೀರ' ಪಟ್ಟಿಗೆ ಸೇರಿತ್ತು. ಇಷ್ಟು ಮಳೆಯ ನಾಡಿಗೆ ಈ ಗತಿ ಯಾಕೆ? ಉತ್ತರ ನಮ್ಮ ಕಾಲಡಿಯಲ್ಲೇ ಇದೆ.

ಇಲ್ಲಿ ಮೇಲಿರುವುದು ಮುರಕಲ್ಲು, ಮಲಯಾಳದಲ್ಲಿ ಚೆಂಗಲ್ಲು. ಮೈತುಂಬ ತೂತುಗಳಿರುವ ಈ ಕಲ್ಲು ಮಳೆನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಅದರ ಅಡಿಯಲ್ಲಿ ಜೇಡಿಮಣ್ಣು. ನೀರು ಅದನ್ನು ದಾಟಲಾರದೆ ಬದಿಗೆ ಸರಿದು ತೋಡು, ಹೊಳೆ ಸೇರುತ್ತದೆ. ತೆರೆದ ಬಾವಿಗೂ, ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳಿಗೂ ಬರುವುದು ಇದೇ ನೀರು.

ಬೋರ್ ಇಳಿಯುವುದು ಇದಕ್ಕೂ ಕೆಳಗಿನ ಗಟ್ಟಿ ಬಂಡೆಗೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದರೆ ನೀರು, ತಪ್ಪಿದರೆ ಬರೀ ಧೂಳು. ಪಕ್ಕದ ಮನೆಯವರಿಗೆ 250 ಅಡಿಯಲ್ಲಿ ಮೂರು ಇಂಚು ಸಿಕ್ಕಿತೆಂದು ನಮಗೂ ಸಿಗಬೇಕೆಂದಿಲ್ಲ. ಆಳಕ್ಕೆ ಹೋದಂತೆ ಬಿರುಕುಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. 'ಇನ್ನೊಂದು ನೂರು ಅಡಿ ಹೋಗುವ' ಎಂಬ ಮಾತಿಗೆ ಒಪ್ಪುವ ಮೊದಲು ಇದು ನೆನಪಿರಲಿ. ಅಡಿಗೊಂದು ರೇಟು, ನೀರು ಬರಲಿ ಬಾರದಿರಲಿ ಬಿಲ್ಲು ಬಂದೇ ಬರುತ್ತದೆ.

ನಷ್ಟ ಮನೆಯೊಳಗೇ ನಿಲ್ಲುವುದಿಲ್ಲ. ಕೇಸಿಂಗ್ ಪೈಪನ್ನು ಗಟ್ಟಿ ಬಂಡೆಯವರೆಗೆ ಇಳಿಸಿ ಸಂದು ಮುಚ್ಚದಿದ್ದರೆ, ಮುರಕಲ್ಲಿನ ನೀರು ಅದೇ ತೂತಿನಿಂದ ಕೆಳಗಿಳಿಯುತ್ತದೆ. ಆಗ ಸೊರಗುವುದು ನೆರೆಮನೆಯ ಬಾವಿ, ಅಜ್ಜಂದಿರು ತೋಡಿದ ಸುರಂಗ. ಪೈಪಿನಲ್ಲಿ ಉಳಿಸಿದ ನಾಲ್ಕು ಕಾಸು ಊರಿಗೇ ದುಬಾರಿ.

ಹಾಗೆಂದು ಬೋರ್ ಬೇಡವೇ ಬೇಡ ಎನ್ನಲಾಗದು. ಕುಡಿಯುವ ನೀರಿಗೆ ಬೇರೆ ದಾರಿ ಇಲ್ಲದ ಮನೆಗಳಿವೆ. ಅಂಥವರು ಲಾರಿ ಕರೆಯುವ ಮೊದಲು ಕೇರಳ ಭೂಜಲ ಇಲಾಖೆಯ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟು ಜಾಗ ಪರೀಕ್ಷೆ ಮಾಡಿಸುವುದು ಲೇಸು. 2002ರ ಕೇರಳ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ಪ್ರದೇಶದಲ್ಲಿ ಬಾವಿ ತೋಡಲು ಅನುಮತಿ ಬೇಕು.

ಇನ್ನು ಮಾಡಿನ ನೀರು. 1,000 ಚದರಡಿ ಮಾಡಿನ ಮೇಲೆ 3,000 ಮಿ.ಮೀ. ಮಳೆ ಎಂದರೆ ಸುಮಾರು 2.8 ಲಕ್ಷ ಲೀಟರ್. ಸೋಸಿ ಬಾವಿಗೆ ಬಿಡಬಹುದು. ಆದರೆ ಜೂನ್‌ನಲ್ಲಿ ಇಂಗಿಸಿದ ನೀರೆಲ್ಲ ಏಪ್ರಿಲ್‌ಗೆ ಉಳಿಯದು. ಮುರಕಲ್ಲಿನ ಗುಣವೇ ಅದು. ಬೇಸಗೆಗೆ ಬಲ ಕೊಡುವುದು ತುಲಾಮಳೆಯ ಕೊನೆಯ ನೀರು, ನವೆಂಬರ್-ಡಿಸೆಂಬರ್‌ನಲ್ಲಿ ತೋಡಿಗೆ ಹಾಕುವ ಕಟ್ಟ. ಕಟ್ಟದಲ್ಲಿ ನೀರು ನಿಂತಷ್ಟು ದಿನ ಆಚೀಚೆಯ ಬಾವಿಗಳಿಂದ ಇಳಿದುಹೋಗುವ ನೀರಿಗೂ ತಡೆ.

ಒಂದು ಬೋರ್‌ಗೆ ಸುರಿಯುವ ಹಣದಲ್ಲಿ ತೋಡಿನ ಎರಡೂ ಬದಿಯವರು ಸೇರಿ ಎಷ್ಟು ವರ್ಷ ಕಟ್ಟ ಕಟ್ಟಬಹುದು? ಈ ಲೆಕ್ಕವನ್ನು ಮಾರ್ಚ್‌ನಲ್ಲಲ್ಲ, ತೋಡಿನಲ್ಲಿ ನೀರಿರುವಾಗಲೇ ಹಾಕಬೇಕು.