ತನು ಎರೆಯುವ ರೋಮನ್ ದೇವಿ

ಪುಸ್ತಕದಲ್ಲಿ ಕಂಚಿನ ನಾಣ್ಯವೊಂದರ ಫೋಟೊ ನೋಡುತ್ತಿದ್ದೆ. ಕ್ರಿ.ಶ. 2ನೇ ಶತಮಾನದ ರೋಮನ್ ಚಕ್ರವರ್ತಿ ಆಂಟೊನಿನಸ್ ಪಯಸ್‌ನದು. ಹಿಂಬದಿಯಲ್ಲಿ ಒಬ್ಬ ಹೆಂಗಸು, ಬಲಗೈಯಲ್ಲಿ ಅಗಲ ತಟ್ಟೆ. ಎದುರಿನ ಬಲಿಪೀಠದಿಂದ ಎದ್ದ ಹಾವು ತಟ್ಟೆಗೆ ಬಾಯಿ ಚಾಚಿದೆ. ಪುತ್ತೂರಿಗೆ ಬಂದಿದ್ದ ದೊಡ್ಡಮ್ಮ ಬಗ್ಗಿ ನೋಡಿ, "ಯಾರಿಗೆ ಹುಷಾರಿಲ್ಲ ಅಂತ ತನು ಎರೆಯುವುದು ಮಾರಾಯ ಅವಳು?" ಎಂದರು.

ನಾಗನಿಗೆ ಹಾಲೆರೆಯುವುದಕ್ಕೆ ನಮ್ಮಲ್ಲಿ ತನು ಎನ್ನುವುದು. ನಾನು ಬೆರಗಾದೆ. ಆಕೆ ಸಾಲಸ್, ಆರೋಗ್ಯದ ದೇವಿ. ಚಕ್ರವರ್ತಿ ಕ್ಷೇಮವಾಗಿದ್ದರೆ ರಾಜ್ಯ ಕ್ಷೇಮ ಎಂಬುದೇ ಚಿತ್ರದ ಮಾತು. ಮೈಮೇಲೆ ಕಜ್ಜಿಯೆದ್ದರೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ವ್ಯತ್ಯಾಸ: ಆ ಹಾವಿಗೆ ಹೆಡೆಯಿಲ್ಲ, ನಮ್ಮ ಕಣ್ಣಿಗೆ ಬರೀ ಕೇರೆ.

ಇಷ್ಟಕ್ಕೇ ಕುಕ್ಕೆಗೂ ರೋಮಿಗೂ ನಂಟು ಹೊಸೆಯುವ ಉತ್ಸಾಹ ನನಗಿಲ್ಲ. ನಂಟು ಇದ್ದದ್ದು ಕಾಳುಮೆಣಸಿನದು. ಕೇರಳದ ಮುಜಿರಿಸ್ ಬಂದರಿನ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರ ಕಾಟ ಎಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅದು ನಮ್ಮ ನೇತ್ರಾವತಿಯೇ ಎನ್ನುವವರಿದ್ದಾರೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತದ ಪಾಲಾಗುತ್ತಿದೆ ಎಂದು ಗೊಣಗಿದವನೂ ಅವನೇ. ಸೆಸ್ಟರ್ಸ್ ಎಂದರೆ ಹಿತ್ತಾಳೆಯ ನಾಣ್ಯ. ಲೆಕ್ಕ ಮಾತ್ರ ಹಿತ್ತಾಳೆಯಲ್ಲಿ, ಹಡಗೇರಿದ್ದು ಬೆಳ್ಳಿ, ಬಂಗಾರ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕ 163 ನಾಣ್ಯಗಳೂ ಬೆಳ್ಳಿಯವೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ಸಿಕ್ಕಿದೆ. ನಮ್ಮ ವ್ಯಾಪಾರಿಗಳು ನೋಡಿದ್ದು ತೂಕ. ತಮಿಳುನಾಡಿನ ಪುದುಕ್ಕೋಟೆಯಲ್ಲಿ 1898ರಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ, ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಗೀರು!

ಕಂಚಿಗೆ ತೂಕದ ಆ ಭಾಗ್ಯವಿಲ್ಲ. ಕರಗಿಸಿದರೆ ಗಿಟ್ಟುವುದೇನು? ಅದನ್ನು ನಡೆಸುವುದು ಅದರ ಮೇಲಿನ ಮುದ್ರೆ. ರೊಟ್ಟಿ ಕೊಳ್ಳುವವನ ಅಂಗೈಗೂ ಅರಮನೆಯ ಸುದ್ದಿ ತಲುಪಿಸಿದ್ದು ಆ ಚಿಲ್ಲರೆ ಕಾಸೇ.

ಪುಟ ತಿರುವಿ ದೊಡ್ಡಮ್ಮನಿಗೆ ಇನ್ನೊಂದು ತೋರಿಸಿದೆ. ಈಗಿನ ಫ್ರಾನ್ಸಿನ ನೀಮ್‌ನಲ್ಲಿ ಅಚ್ಚಾದದ್ದು: ತಾಳೆಯ ಮರಕ್ಕೆ ಸರಪಳಿಯಿಂದ ಬಿಗಿದ ಮೊಸಳೆ. ಕ್ರಿ.ಪೂ. 30ರಲ್ಲಿ ಅಗಸ್ಟಸ್ ಈಜಿಪ್ಟನ್ನು ಗೆದ್ದ ಜಂಬ ಅದು. ಅವರು ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿದರು. ಕುಂಬಳೆಯ ಅನಂತಪುರದ ಕೆರೆಯಲ್ಲಿ ನೈವೇದ್ಯ ತಿಂದುಕೊಂಡಿದ್ದ ಮೊಸಳೆ ಬಬಿಯಾ 2022ರಲ್ಲಿ ಸತ್ತಾಗ ಬಹಳ ನೊಂದುಕೊಂಡವರು.

"ದೇವರ ಮೊಸಳೆಯನ್ನು ಹೀಗೆ ಕಟ್ಟುವುದುಂಟಾ?" ಎಂದರು.