ಕೈಗುಣ ಸರಿಯಿದೆ, ಬೆಳಕು ಸಾಲದು

"ನನ್ನ ಕೈಗುಣ ಸರಿಯಿಲ್ಲ ಮಾರಾಯ, ಏನು ಹಾಕಿದ್ರೂ ಬರಲ್ಲ." ಆಫೀಸಿನ ಕಾಫಿ ಮಷೀನ್ ಪಕ್ಕ ಈ ಮಾತು ಆಗಾಗ ಕಿವಿಗೆ ಬೀಳುತ್ತೆ. ಟೊಮ್ಯಾಟೊ ಬೀಜ ಹಾಕಿದರಂತೆ, ವಾರದಲ್ಲಿ ಮೊಳಕೆ ಬಂತಂತೆ, ಆಮೇಲೆ ದಾರದ ಹಾಗೆ ಉದ್ದಕ್ಕೆ ಎದ್ದು ಅಡ್ಡ ಬಿತ್ತಂತೆ. ಇದರಲ್ಲಿ ಕೈಗುಣದ ತಪ್ಪೇನೂ ಇಲ್ಲ. ಸಸಿ ಬೆಳಕು ಹುಡುಕಿಕೊಂಡು ಮೇಲೆದ್ದಿದೆ, ಸಿಕ್ಕಿಲ್ಲ, ಅಷ್ಟೇ. ಹೀಗೆ ಬೇಜಾರಾದವರನ್ನೇ ಹಿಡಿದು ಎರಡು ಸಾವಿರ ರೂಪಾಯಿಯ ನೇರಳೆ ದೀಪ ಮಾರ್ತಾರಲ್ಲ, ನನ್ನ ಜಗಳ ಅವರ ಜೊತೆ.

ಮೊದಲು ನಮ್ಮ ಕಣ್ಣು ಮಾಡೋ ಮೋಸ ನೋಡಿ. ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಸಿಗೋದು ಇನ್ನೂರು ಮುನ್ನೂರು ಲಕ್ಸ್. ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತೆ, "ಮನೆ ಎಷ್ಟು ಬೆಳಕಾಗಿದೆ" ಅಂತೀವಿ. ಎಲೆಗೆ ಆ ಸೌಲಭ್ಯ ಇಲ್ಲ. ತರಕಾರಿ ಸಸಿ ಗಟ್ಟಿಯಾಗಿ ನಿಲ್ಲಬೇಕಂದ್ರೆ ಹತ್ತು ಸಾವಿರ ಲಕ್ಸ್ ಆಸುಪಾಸು, ದಿನಕ್ಕೆ 14 ಗಂಟೆ ಕೊಡಬೇಕು. ಫೋನಿನಲ್ಲಿ ಪುಕ್ಕಟೆ ಲಕ್ಸ್ ಮೀಟರ್ ಆಪ್ ಹಾಕಿಕೊಂಡು ಕುಂಡದ ಹತ್ತಿರ ಹಿಡಿದು ನೋಡಿ. ಲೆಕ್ಕ ಕರಾರುವಾಕ್ಕಾಗಿ ಬರದಿದ್ದರೂ ಕಣ್ಣಿಗಿಂತ ವಾಸಿ.

ಇನ್ನು ನೇರಳೆ ಬಣ್ಣದ ಪುರಾಣ. ಪತ್ರಹರಿತ್ತು ಹೆಚ್ಚಾಗಿ ಹೀರೋದು ಕೆಂಪು ಮತ್ತು ನೀಲಿ, ಆದ್ದರಿಂದ ಗಿಡಕ್ಕೆ ಅವೆರಡೇ ಸಾಕು, ಬಿಳಿ ದೀಪ ದಂಡ ಅನ್ನೋದು ಅವರ ವಾದ. ಅರ್ಧ ಮಾತ್ರ ನಿಜ. ಪ್ರಯೋಗಾಲಯದ ನಳಿಕೆಯಲ್ಲಿರೋ ಪತ್ರಹರಿತ್ತು ಬೇರೆ, ಇಡೀ ಎಲೆ ಬೇರೆ. ಹಸಿರು ಬೆಳಕು ಎಲೆಯ ಒಳಗೆ ಅತ್ತಿತ್ತ ಚದುರಿ, ಅದರ ಹೆಚ್ಚಿನ ಪಾಲು ಕೊನೆಗೆ ಕೆಲಸಕ್ಕೇ ಬರುತ್ತೆ. ಕೀತ್ ಮಕ್ರೀ ಅನ್ನೋ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆ ಇಟ್ಟು ಅಳೆದು ಇದನ್ನು ತೋರಿಸಿದ್ದು 1972ರಲ್ಲಿ! ಮೇಲಾಗಿ ಬಿಳಿ ಎಲ್‌ಇಡಿ ಅಂದ್ರೆ ನೀಲಿ ಚಿಪ್ಪಿನ ಮೇಲೆ ಫಾಸ್ಫರ್ ಬಳಿದದ್ದು. ನೀಲಿ, ಹಸಿರು, ಕೆಂಪು ಎಲ್ಲ ಅದರಲ್ಲೇ ಇದೆ. ನೇರಳೆ ದೀಪದಲ್ಲಿ ಗಿಡ ಬದುಕೋದಿಲ್ಲ ಅಂತ ನಾನು ಹೇಳ್ತಿಲ್ಲ. ಅದಕ್ಕೆ ನಾಲ್ಕೈದು ಪಟ್ಟು ದುಡ್ಡು ಯಾಕೆ ಕೊಡ್ತೀರಿ ಅಂತ ಕೇಳ್ತಿದ್ದೀನಿ.

ಡಬ್ಬಿ ಮೇಲಿನ ವ್ಯಾಟ್ ಇನ್ನೊಂದು ಕಣ್ಕಟ್ಟು. "1000 ವ್ಯಾಟ್" ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. ನಿಜವಾಗಿ ಎಷ್ಟು ಕರೆಂಟ್ ಎಳೆಯುತ್ತೆ ಅಂತ ಸಣ್ಣಕ್ಷರದಲ್ಲಿ ಹುಡುಕಿದರೆ ನೂರರ ಹತ್ತಿರ ಇರುತ್ತೆ. ಸಾಮಾನ್ಯ ಟ್ಯೂಬ್ ಮಾರೋನಿಗೆ ಈ ಆಟ ಆಡೋಕಾಗಲ್ಲ. 20 ವ್ಯಾಟ್, ಸುಮಾರು 2000 ಲುಮೆನ್ ಅಂತ ಡಬ್ಬಿ ಮೇಲೇ ಬರೆದು ಕೊಡ್ತಾನೆ.

ನನ್ನ ಬಾಡಿಗೆ ಮನೆಯ ಏರ್ಪಾಡು ಹೇಳ್ತೀನಿ ಕೇಳಿ. ಕಬ್ಬಿಣದ ರ‍್ಯಾಕ್‌ನ ಒಂದು ಹಲಗೆಯ ತಳಕ್ಕೆ ನಾಲ್ಕಡಿಯ 20 ವ್ಯಾಟ್ ಎಲ್‌ಇಡಿ ಟ್ಯೂಬ್ ಎರಡು, ಪಕ್ಕಪಕ್ಕ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಒಂದಕ್ಕೆ 250 ರೂಪಾಯಿ ಆಸುಪಾಸಿಗೆ ಸಿಗುತ್ತೆ. 6500 ಕೆಲ್ವಿನ್‌ನ ತಂಪು ಬಿಳಿಯಾದರೂ ನಡೀತದೆ, 4000 ಆದರೂ ನಡೀತದೆ. ಗುಟ್ಟು ಇರೋದು ದೂರದಲ್ಲಿ. ಸಸಿಯ ತುದಿಯಿಂದ ಟ್ಯೂಬ್ 10 ಸೆಂಟಿಮೀಟರ್ ಮೇಲಿರಬೇಕು. ದೂರ ಎರಡರಷ್ಟಾದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಸಸಿ ಬೆಳೆದ ಹಾಗೆ ಟ್ರೇ ಕೆಳಗಿನ ಇಟ್ಟಿಗೆ ತೆಗೀತಾ ಹೋಗಿ. ಎಲ್‌ಇಡಿ ಅಷ್ಟು ಬಿಸಿಯಾಗಲ್ಲ, ಎಲೆ ಸುಡಲ್ಲ. ವೈರು, ಪ್ಲಗ್ಗು ಮಾತ್ರ ನೀರು ಬೀಳದ ಜಾಗದಲ್ಲಿರಲಿ. ಒಂದು ಟೈಮರ್ ಪ್ಲಗ್ ಹಾಕಿದರೆ ಊರಿಗೆ ಹೋದಾಗಲೂ ಚಿಂತೆಯಿಲ್ಲ. ಎರಡು ಟ್ಯೂಬ್, ದಿನಕ್ಕೆ 14 ಗಂಟೆ ಅಂದ್ರೆ ತಿಂಗಳಿಗೆ 17 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 120 ರೂಪಾಯಿ. ಒಂದು ಪಿಜ್ಜಾ ದುಡ್ಡೂ ಆಗಲಿಲ್ಲ.

"ಹಾಗಾದ್ರೆ ದುಬಾರಿ ದೀಪ ಎಲ್ಲಾ ಸುಳ್ಳಾ?" ಅಂತ ಕೇಳಬಹುದು. ಅಲ್ಲ. ಮುಚ್ಚಿದ ಕೋಣೆಯಲ್ಲೇ ಟೊಮ್ಯಾಟೊ ಹಣ್ಣು ಬಿಡಬೇಕು ಅಂತ ಹಟ ಹಿಡಿದರೆ ಇದರ ಎಷ್ಟೋ ಪಟ್ಟು ಬೆಳಕು ಬೇಕು, ಅದಕ್ಕೆ ಒಳ್ಳೆಯ ದೀಪಗಳೂ ಇವೆ. ನಮಗೆ ಬೇಕಾಗಿರೋದು ಸಸಿ ಎಬ್ಬಿಸೋ ಮೂರ್ನಾಲ್ಕು ವಾರದ ಮಾತು.

ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ. ನಮಗೆ ದೀಪವಾದರೂ ಯಾಕೆ ಬೇಕು? ಮನೆಯೊಳಗೆ ದೀಪದ ಕೆಳಗೆ ಬೀಜ ಹಾಕಿ ಅನ್ನೋದು ಟೊರಾಂಟೊ, ಶಿಕಾಗೋ ಜನರ ಬುದ್ಧಿ. ಅಲ್ಲಿ ಮಾರ್ಚ್‌ನಲ್ಲೂ ಹಿಮ ಬೀಳುತ್ತೆ, ಹೊರಗಿಟ್ಟ ಸಸಿ ಸತ್ತೇ ಹೋಗುತ್ತೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡಿಸೆಂಬರ್‌ನಲ್ಲೂ ನಮಗೆ ಹನ್ನೊಂದು ಗಂಟೆಗೂ ಮೀರಿ ಹಗಲಿದೆ. ಚಳಿ ದೇಶದ ಸಲಹೆಯನ್ನು ಹಾಗೇ ತಂದು ನಮ್ಮ ಟೋಪಿ ಅಳತೆಗೆ ಹೊಲಿದು ಮಾರ್ತಿದ್ದಾರೆ.

ನಮ್ಮ ತಲೆ ಮೇಲೇ ಒಂದು ಲಕ್ಷ ಲಕ್ಸ್ ಬಿಸಿಲು ಪುಕ್ಕಟೆ ಬೀಳ್ತಿದೆ, ಟೆರೇಸಿಗೆ ಮಾತ್ರ ಬೀಗ. ಕೇಳಿದರೆ ಒಂದು ಕಡೆ "ಸೋರುತ್ತೆ" ಅಂತಾರೆ, ಇನ್ನೊಂದು ಕಡೆ "ಬಾಡಿಗೆಯವರಿಗೆ ಅವಕಾಶ ಇಲ್ಲ" ಅಂತಾರೆ. ಅಂಗೈಯಗಲದ ಸಸಿ ಟ್ರೇಗೆ ಸೋರೋ ಟೆರೇಸ್, ಮಳೆಗಾಲದಲ್ಲಿ ಏನು ಮಾಡುತ್ತೆ ಸ್ವಾಮಿ? ಮೇಂಟೆನೆನ್ಸ್ ಮಾತ್ರ ತಿಂಗಳು ತಿಂಗಳು ತಪ್ಪದೆ ಕಟ್ತೀವಲ್ಲ!

ಹಾಗಾಗಿ ನನ್ನ ಸಲಹೆ ಇಷ್ಟೇ. ಅಸೋಸಿಯೇಷನ್ನಿನ ಮುಂದಿನ ಮೀಟಿಂಗ್‌ಗೆ ಹೋಗಿ, ಟೆರೇಸಿನ ಒಂದು ಮೂಲೆ ಕೇಳಿ. ಟ್ರೇ ಕೆಳಗೆ ತಟ್ಟೆ ಇಡ್ತೀವಿ ಅಂತ ಬರೆದುಕೊಡಿ, ನಾಲ್ಕು ಮನೆಯವರನ್ನು ಜೊತೆಗೆ ಸೇರಿಸ್ಕೊಳ್ಳಿ. ಬೀಗದ ಕೈ ಸಿಗೋವರೆಗೆ 500 ರೂಪಾಯಿಯ ಎರಡು ಟ್ಯೂಬ್ ಸಾಕು. ಉಳಿದ ಒಂದೂವರೆ ಸಾವಿರಕ್ಕೆ ಒಳ್ಳೆ ಬೀಜ, ಒಳ್ಳೆ ಗೊಬ್ಬರ ತನ್ನಿ. ಕೈಗುಣದ ಮಾತು ಆಮೇಲೆ ಆಡೋಣ.